ಹಳೇ ಫೋಟೊ ಮತ್ತೆ ಹಾಕೋ ಮುಂಚೆ ಅವರನ್ನ ಒಂದು ಮಾತು ಕೇಳಿ

ಸಂಪಾದಕರಿಗೆ ನಮಸ್ಕಾರ,

ಕಾರ್ಖಾನೆ ವಿಷದಿಂದ ಬದುಕು ಕೆಟ್ಟವರ ಫೋಟೊಗಳನ್ನ ನಮ್ಮ ಪತ್ರಿಕೆಗಳು ಬಳಸೋ ರೀತಿ ಬಗ್ಗೆ ಈ ಪತ್ರ. ನಿಮ್ಮ ಪತ್ರಿಕೆ ಕಡೆ ಮಾತ್ರ ಬೊಟ್ಟು ಮಾಡ್ತಿಲ್ಲ, ಹೆಚ್ಚುಕಮ್ಮಿ ಎಲ್ಲಾ ಕಡೆ ಇದೇ ನಡೆಯೋದು. ಡಿಸೆಂಬರ್ ಮೊದಲ ವಾರ ಬಂತು ಅಂದ್ರೆ ಭೋಪಾಲದ ಅದೇ ಮಗುವಿನ ಮುಖ, ಎಂಡೋಸಲ್ಫಾನ್ ಅನ್ನೋ ಕೀಟನಾಶಕದ ಪರಿಹಾರದ ಸುದ್ದಿ ಬಂತು ಅಂದ್ರೆ ಚಾಪೆ ಮೇಲೆ ಮಲಗಿರೋ ಯಾವುದೋ ಮಗು, ಕೆಳಗೆ ಸಣ್ಣಕ್ಷರದಲ್ಲಿ 'ಸಂಗ್ರಹ ಚಿತ್ರ' ಅಂತ ಒಂದು ಸಾಲು, ಅಷ್ಟೇ. ಆ ಮಗು ಈಗ ಎಷ್ಟು ದೊಡ್ಡದಾಗಿದೆ, ಬದುಕಿದೆಯಾ ಇಲ್ವಾ, ಅದರ ಅಮ್ಮ ಬೆಳಿಗ್ಗೆ ಎದ್ದು ಈ ಪುಟ ನೋಡಿದ್ರೆ ಏನಾಗುತ್ತೆ, ಯಾವುದೂ ಆ ಸಾಲಿನಲ್ಲಿ ಇರಲ್ಲ.

ನನ್ನ ಬೇಡಿಕೆ ಒಂದೇ. ಇಂಥ ಫೋಟೊ ಪ್ರತಿ ಸಲ ಮತ್ತೆ ಅಚ್ಚಾಗೋ ಮುಂಚೆ ಅದರಲ್ಲಿರೋರನ್ನ, ಅವರಿಗೆ ಮಾತಾಡೋಕೆ ಆಗಲ್ಲ ಅಂದ್ರೆ ನೋಡ್ಕೊಳ್ತಿರೋ ಮನೆಯವರನ್ನ, ಮತ್ತೆ ಕೇಳ್ಬೇಕು. ಹತ್ತು ವರ್ಷದ ಹಿಂದೆ ಯಾರೋ ವರದಿಗಾರರಿಗೆ 'ಹೂಂ' ಅಂದಿದ್ದು ಇವತ್ತಿನ ಪುಟಕ್ಕೂ, ನಾಳೆಯ ಪುರವಣಿಗೂ, ಮುಂದೊಂದು ದಿನ ಯಾರೋ ಮಾಡೋ ಕ್ಯಾಲೆಂಡರಿಗೂ ಒಪ್ಪಿಗೆ ಆಗಲ್ಲ. ಕೇಳಿದಾಗ ಬೇಡ ಅಂದ್ರೆ ಹಾಕಬಾರದು.

ಇಂಥ ಫೋಟೊನೇ ಬೇಡ ಅಂತ ನಾನು ಹೇಳ್ತಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ನಾನೂ ಕ್ಯಾಮೆರಾ ಹಿಡಿಯೋ ಮನುಷ್ಯ, ಜನರ ಮುಖ ತೆಗೆಯೋದೇ ನನಗಿಷ್ಟದ ಕೆಲಸ. ಕಾರ್ಖಾನೆ ವಿಷದ ವಿಷಯದಲ್ಲಂತೂ ಪೋರ್ಟ್ರೇಟ್ ಇಲ್ಲದೆ ಆಗೋದೇ ಇಲ್ಲ, ಯಾಕಂದ್ರೆ ವಿಷ ಕಣ್ಣಿಗೆ ಕಾಣಲ್ಲ. ಪಾದರಸ ಸೇರಿದ ಕಡಲು ನೀಲಿಯಾಗೇ ಇರುತ್ತೆ, ಅದರ ಮೀನು ಬೇರೆ ಮೀನಿನ ಥರಾನೇ ಹೊಳೆಯುತ್ತೆ, ಸೀಸ ಬೆರೆತ ನೀರಿನ ಫೋಟೊ ತೆಗೆದ್ರೆ ಒಂದು ಲೋಟ ನೀರು ಕಾಣುತ್ತೆ ಅಷ್ಟೇ. ಚಿಮಣಿ ಹೊಗೆ ತೆಗೀಬಹುದು, ಆದ್ರೆ ಅದನ್ನ ನೋಡ್ತಾ ನೋಡ್ತಾ ನಮ್ಮ ಕಣ್ಣು ಜಡ್ಡುಗಟ್ಟಿದೆ. ಮೇಲಾಗಿ ನಿಜವಾಗಿ ಕೊಲ್ಲೋ ವಿಷ ಹೆಚ್ಚಿನ ಸಲ ಚಿಮಣಿಯಲ್ಲಲ್ಲ, ನೆಲದಡಿ ಹೋಗೋ ಒಂದು ಪೈಪಿನಲ್ಲಿ ಇರುತ್ತೆ. ಕೊನೆಗೆ ಅದು ಕಾಣಿಸ್ಕೊಳ್ಳೋದು ಯಾರದೋ ಕೈಬೆರಳಿನಲ್ಲಿ, ನಡಿಗೆಯಲ್ಲಿ, ಕಣ್ಣಲ್ಲಿ. ಅದಕ್ಕೇ ಫೋಟೊಗ್ರಾಫರ್‌ಗಳು ಜನರ ಮುಖದ ಕಡೆ ತಿರುಗಿದ್ದು, ತಿರುಗಲೇಬೇಕಿತ್ತು.

ಜಪಾನಿನ ಮಿನಮಾಟಾ ಕಥೆ ಸ್ವಲ್ಪ ಉದ್ದ ಹೇಳ್ತೀನಿ, ದಯವಿಟ್ಟು ಕತ್ತರಿಸಬೇಡಿ, ಯಾಕಂದ್ರೆ ನಾನು ಕೇಳ್ತಿರೋದು ಪೂರ್ತಿ ಅದರಲ್ಲೇ ಇದೆ. ಅಲ್ಲಿ ಚಿಸ್ಸೋ ಅನ್ನೋ ಕೆಮಿಕಲ್ ಕಂಪನಿ 1932ರಿಂದ 1968ರವರೆಗೆ ಅಸಿಟಾಲ್ಡಿಹೈಡ್ ಅನ್ನೋ ರಾಸಾಯನಿಕ ತಯಾರಿಸ್ತಾ ಅದರಿಂದ ಬರೋ ಪಾದರಸದ ಕೊಳೆನೀರನ್ನ ಕಡಲಿಗೆ ಬಿಡ್ತಿತ್ತು. ಮೀನು ತಿಂದ ಬೆಕ್ಕುಗಳು ಕುಣಿದು ಕುಣಿದು ಸತ್ತವು, ಆಮೇಲೆ ಜನರಿಗೆ ಶುರುವಾಯ್ತು, ಕೈ ನಡುಗೋದು, ನಾಲಿಗೆ ತೊದಲೋದು, ಕಣ್ಣಿನ ಅಂಚು ಕತ್ತಲಾಗೋದು. ಕಾಯಿಲೆ ಅಧಿಕೃತವಾಗಿ ದಾಖಲಾಗಿದ್ದು 1956ರ ಮೇ 1ಕ್ಕೆ. ಕಂಪನಿ ಆಸ್ಪತ್ರೆಯ ಡಾಕ್ಟರ್ ಹೊಸೊಕಾವಾ ಹಜಿಮೆ 1959ರಲ್ಲಿ ಕಾರ್ಖಾನೆಯ ಕೊಳೆನೀರನ್ನೇ ಒಂದು ಬೆಕ್ಕಿಗೆ ಊಟದಲ್ಲಿ ಕಲಸಿ ಕೊಟ್ಟು ನೋಡಿದ್ರು, ಬೆಕ್ಕಿಗೆ ಅದೇ ಕಾಯಿಲೆ ಬಂತು, ಕಂಪನಿ ಆ ವಿಷಯ ಮುಚ್ಚಿಟ್ಟಿತು. ಅದೇ ವರ್ಷದ ಕೊನೆಗೆ ನೀರು ಶುದ್ಧ ಮಾಡೋ ಯಂತ್ರ ಹಾಕಿದ್ದೀವಿ ಅಂತ ಸಮಾರಂಭ ಮಾಡಿ, ಕಂಪನಿ ಅಧ್ಯಕ್ಷ ಎಲ್ಲರ ಮುಂದೆ ಅದರ ನೀರು ಅಂತ ಒಂದು ಲೋಟ ಕುಡಿದು ತೋರಿಸಿದ, ಆ ಯಂತ್ರ ಪಾದರಸ ತೆಗೆಯೋಕೆ ಅಂತ ಮಾಡಿದ್ದೇ ಅಲ್ಲ. ಅಂದ್ರೆ ಜನರ ಕಣ್ಣಿಗೆ ಏನು ತೋರಿಸಬೇಕು ಅನ್ನೋದು ಕಂಪನಿಗಳಿಗೆ ಚೆನ್ನಾಗೇ ಗೊತ್ತು. ಅದಕ್ಕೆ ಎದುರಾಗಿ ನಿಲ್ಲೋ ಚಿತ್ರಗಳು ಬೇಕಿತ್ತು.

ಅಂಥ ಚಿತ್ರಗಳನ್ನ ಜಪಾನಿನವರೇ ಆದ ಕುವಾಬರಾ ಶಿಸೇಯ್ 1960ರಿಂದಲೇ ತೆಗೆಯೋಕೆ ಶುರು ಮಾಡಿದ್ರು, ಹೊರಗಿನ ಜಗತ್ತಿಗೆ ಅವರ ಹೆಸರು ಅಷ್ಟು ಗೊತ್ತಿಲ್ಲ. ಗೊತ್ತಿರೋದು 1971ರಲ್ಲಿ ಅಮೆರಿಕದಿಂದ ಬಂದ ಯೂಜೀನ್ ಸ್ಮಿತ್ ಹೆಸರು, ಜೊತೆಗೆ ಅವರ ಹೆಂಡತಿ ಐಲೀನ್ ಸ್ಮಿತ್, ಅವರೂ ಫೋಟೊಗ್ರಾಫರ್, ಜಪಾನಿ ಮಾತಾಡಬಲ್ಲವರು, ಆದ್ರೂ ನಮ್ಮ ಲೇಖನಗಳಲ್ಲಿ ಅವರನ್ನ ಬರೀ ಸಹಾಯಕಿ ಅನ್ನೋ ಥರ ಬರೀತಾರೆ, ಅದು ಸರಿಯಲ್ಲ. ಇಬ್ಬರೂ ಅಲ್ಲೇ ಬಾಡಿಗೆ ಮನೆ ಮಾಡ್ಕೊಂಡು ಮೂರು ವರ್ಷ ಇದ್ರು. ಪರದೇಶದ ಪತ್ರಿಕೆಯವರು ವಾರಕ್ಕೆ ಬಂದು ಹೋಗೋ ಕೆಲಸಕ್ಕೆ ಮೂರು ವರ್ಷ. 1972ರ ಜನವರಿಯಲ್ಲಿ ಕಂಪನಿಯ ಇನ್ನೊಂದು ಕಾರ್ಖಾನೆಗೆ ರೋಗಿಗಳ ಜೊತೆ ಹೋದಾಗ ಕಂಪನಿ ಕಡೆಯವರು ಸ್ಮಿತ್ ಅವರನ್ನ ಹಿಡಿದು ಬಡಿದ್ರು, ಕಣ್ಣಿಗೆ ಪೆಟ್ಟಾಯ್ತು, ಕ್ಯಾಮೆರಾ ಹಿಡಿಯೋದೇ ಕಷ್ಟ ಆಯ್ತು.

ಅವರು ತೆಗೆದ ಚಿತ್ರಗಳಲ್ಲಿ ಒಂದು ಲೋಕಕ್ಕೆಲ್ಲ ಗೊತ್ತು. ಅಮ್ಮ ತನ್ನ ಮಗಳನ್ನ ಸ್ನಾನದ ತೊಟ್ಟಿಯಲ್ಲಿ ತೋಳಿನ ಮೇಲೆ ಮಲಗಿಸ್ಕೊಂಡಿರೋದು, 1971ರ ಡಿಸೆಂಬರಿನಲ್ಲಿ ತೆಗೆದಿದ್ದು. ಆ ಹುಡುಗಿಗೆ ವಿಷ ತಗುಲಿದ್ದು ಹುಟ್ಟೋದಕ್ಕೆ ಮುಂಚೆ, ಅಮ್ಮನ ಹೊಟ್ಟೆಯಲ್ಲಿ. ಗರ್ಭದ ಮಾಸು ಮಗುವನ್ನ ವಿಷದಿಂದ ಕಾಯುತ್ತೆ ಅಂತ ಆಗಿನ ಡಾಕ್ಟರುಗಳು ನಂಬಿದ್ರು, ಆ ಕೊಳೆನೀರಿನಲ್ಲಿದ್ದ ಮೀಥೈಲ್ ಪಾದರಸ ಆ ನಂಬಿಕೆಯನ್ನ ಸುಳ್ಳು ಮಾಡಿತು, ಅಮ್ಮನ ಮೈಯಲ್ಲಿದ್ದ ವಿಷ ಮಗುವಿನ ಮಿದುಳಿಗೆ ಹೋಗಿ ಸೇರ್ತಿತ್ತು. ಆ ತಾಯಿ ಮಗಳನ್ನ ಮನೆಯ ನಿಧಿ ಅಂತ ಕರೀತಿದ್ರು, ನನ್ನ ಮೈಯ ವಿಷನೆಲ್ಲ ಇವಳೇ ಹೀರಿಕೊಂಡಳು, ಅದಕ್ಕೇ ನಾನೂ ಉಳಿದೆ, ಇವಳ ಹಿಂದೆ ಹುಟ್ಟಿದ ಮಕ್ಕಳೂ ಆರೋಗ್ಯವಾಗಿದ್ದಾರೆ ಅಂತ. ಈ ಒಂದು ಮಾತು ಗೊತ್ತಿಲ್ಲದೆ ಆ ಫೋಟೊ ನೋಡಿದ್ರೆ ಬರೀ ನೋವು ಕಾಣುತ್ತೆ, ಗೊತ್ತಿದ್ದು ನೋಡಿದ್ರೆ ಅಮ್ಮನ ಮುಖದಲ್ಲಿರೋದು ಏನು ಅಂತ ಅರ್ಥ ಆಗುತ್ತೆ.

1972ರ ಜೂನಿನಲ್ಲಿ ಅದು ಅಮೆರಿಕದ ಲೈಫ್ ಪತ್ರಿಕೆಯಲ್ಲಿ ಬಂತು. 1973ರ ಮಾರ್ಚಿನಲ್ಲಿ ಕುಮಾಮೊಟೊ ಜಿಲ್ಲಾ ನ್ಯಾಯಾಲಯ ಚಿಸ್ಸೋ ವಿರುದ್ಧ ತೀರ್ಪು ಕೊಡ್ತು. ತೀರ್ಪು ಬಂದಿದ್ದು ಫೋಟೊದಿಂದ ಅಂತ ನಾನು ಹೇಳಲ್ಲ, ರೋಗಿಗಳು ವರ್ಷಗಟ್ಟಲೆ ಬೀದಿಗಿಳಿದಿದ್ರು, ಹೊಸೊಕಾವಾ ಆಸ್ಪತ್ರೆ ಹಾಸಿಗೆಯಿಂದಲೇ ಸಾಕ್ಷಿ ಹೇಳಿದ್ರು. ಆದ್ರೆ ಹೊರಗಿನ ಜಗತ್ತಿನ ಕಣ್ಣು ಅಲ್ಲಿಗೆ ತಿರುಗೋದಕ್ಕೆ ಆ ಚಿತ್ರ ದೊಡ್ಡ ಕಾರಣ.

ಆಮೇಲಿನದು ನಾವು ಹೇಳದೆ ಬಿಡೋ ಭಾಗ. ಹುಡುಗಿ 1977ರಲ್ಲಿ, 21 ವರ್ಷಕ್ಕೆ ತೀರಿಕೊಂಡಳು. ಫೋಟೊ ಮಾತ್ರ ನಿಲ್ಲಲಿಲ್ಲ, ಪುಸ್ತಕದಲ್ಲಿ ಬಂತು, ಪೋಸ್ಟರ್ ಆಯ್ತು, ಪ್ರದರ್ಶನಗಳಿಗೆ ಹೋಯ್ತು. ಆ ಮನೆಯವರು ಮಗಳ ಫೋಟೊದಿಂದ ದುಡ್ಡು ಮಾಡ್ಕೊಳ್ತಿದ್ದಾರೆ ಅಂತ ಸುತ್ತಮುತ್ತ ಗುಸುಗುಸು ಬೇರೆ. ಎಷ್ಟೋ ವರ್ಷ ಅಪ್ಪ ಅಮ್ಮ ತಡ್ಕೊಂಡ್ರು, ಇನ್ನೊಂದು ಮಗುವಿಗೆ ಹೀಗಾಗದೇ ಇರಲಿ ಅಂತ. ಕೊನೆಗೆ ಸಾಕು, ಅವಳು ಇನ್ನಾದ್ರೂ ವಿಶ್ರಾಂತಿ ತಗೊಳ್ಳಲಿ ಅನ್ನಿಸ್ತು ಅವರಿಗೆ. ಯೂಜೀನ್ ಸ್ಮಿತ್ 1978ರಲ್ಲೇ ತೀರಿಕೊಂಡಿದ್ರು, ಫೋಟೊದ ಹಕ್ಕು ಐಲೀನ್ ಕೈಯಲ್ಲಿತ್ತು. 1998ರಲ್ಲಿ ಐಲೀನ್ ಆ ಚಿತ್ರದ ಬಗ್ಗೆ ತೀರ್ಮಾನ ಮಾಡೋ ಹಕ್ಕನ್ನ ಆ ಅಪ್ಪ ಅಮ್ಮನಿಗೇ ಬಿಟ್ಟುಕೊಟ್ಟರು, ಇನ್ಮೇಲೆ ಹೊಸದಾಗಿ ಅಚ್ಚು ಮಾಡೋಕೆ ಅನುಮತಿ ಕೊಡಲ್ಲ ಅಂತ ಹೇಳಿದ್ರು. ಇಪ್ಪತ್ತನೇ ಶತಮಾನದ ಅತಿ ದೊಡ್ಡ ಫೋಟೊಗಳಲ್ಲಿ ಒಂದನ್ನ ಅದರ ಒಡತಿಯೇ ಹಾಗೆ ಒಳಗಿಟ್ಟರು.

ಫೋಟೊಗ್ರಫಿ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಕೆಲಸ ನನಗೆ ಗೊತ್ತಿಲ್ಲ. ಫೋಟೊ ತೆಗೆದಿದ್ದಕ್ಕಿಂತ ಅದನ್ನ ವಾಪಸ್ ಕೊಟ್ಟಿದ್ದು ದೊಡ್ಡದು ಅಂತ ನನ್ನ ಅಭಿಪ್ರಾಯ. ಇದನ್ನ ಒಪ್ಪದೇ ಇರೋರು ಇದ್ದಾರೆ, ಆ ಚಿತ್ರ ಇಡೀ ಮನುಷ್ಯಕುಲದ ಸಾಕ್ಷಿ, ಒಂದು ಮನೆಯವರು ಬೇಡ ಅಂದ್ರು ಅಂತ ಮುಚ್ಚಿಡೋದು ಇತಿಹಾಸಕ್ಕೆ ಮಾಡೋ ಅನ್ಯಾಯ, ಕಂಪನಿಗೆ ಆಗೋ ಲಾಭ ಅಂತಾರೆ. ಈ ವಾದ ತಳ್ಳಿಹಾಕೋ ಅಂಥದ್ದಲ್ಲ. ಆದ್ರೆ ಆ ಮಗಳ ಮೈಯನ್ನ ಒಂದು ಸಲ ಕಂಪನಿ ಕೇಳದೆ ಬಳಸ್ಕೊಂಡಿದೆ, ಎರಡನೇ ಸಲ ನಾವೂ ಕೇಳದೆ ಬಳಸ್ಕೊಂಡ್ರೆ, ಉದ್ದೇಶ ಎಷ್ಟೇ ಒಳ್ಳೇದಿದ್ರೂ, ಆ ಅಮ್ಮನಿಗೆ ವ್ಯತ್ಯಾಸ ಏನು ಉಳೀತು? ಮಿನಮಾಟಾ ಹೆಸರಿನಲ್ಲೇ ಪಾದರಸದ ಬಗ್ಗೆ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ಆಯ್ತು, 2017ರಲ್ಲಿ ಜಾರಿಗೆ ಬಂತು, ಆ ಫೋಟೊ ಒಳಗಿದ್ದಾಗಲೇ ಇದೆಲ್ಲ ಆಗಿದ್ದು.

ಅಲ್ಲಿಂದಲೇ ಇನ್ನೊಂದು ಉದಾಹರಣೆ. ಸಕಾಮೊಟೊ ಶಿನೊಬು ಕೂಡ ಹೊಟ್ಟೆಯಲ್ಲಿದ್ದಾಗಲೇ ವಿಷ ತಗುಲಿದವರು, ಹುಟ್ಟಿದ್ದು 1956ರಲ್ಲಿ. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆದಾಗ ಅಲ್ಲಿಗೆ ಹೋಗಿದ್ರು, ಆಗ ಹದಿಹರೆಯದ ಹುಡುಗಿ, ಅವರನ್ನ ನೋಡಿದವರೆಲ್ಲ ನೋಡಿದ್ದು ಆ ಕಾಯಿಲೆಯನ್ನ. 2017ರಲ್ಲಿ ಅದೇ ಪಾದರಸ ಒಪ್ಪಂದದ ಮೊದಲ ಸಭೆಗೆ ಜಿನೀವಾಗೆ ಹೋಗಿ ಅವರೇ ಮಾತಾಡಿದ್ರು, ಮಿನಮಾಟಾ ಇನ್ನೂ ಮುಗಿದಿಲ್ಲ ಅಂತ. ಮಗುವಾಗಿ ಫೋಟೊದಲ್ಲಿದ್ದವರು ಬೆಳೀತಾರೆ, ಅವರಿಗೂ ಅಭಿಪ್ರಾಯ ಇರುತ್ತೆ, ಬದಲಾಗುತ್ತೆ ಕೂಡ. ನಮ್ಮ ಲೈಬ್ರರಿ ಫೋಲ್ಡರಿನಲ್ಲಿ ಮಾತ್ರ ಅವರು ಯಾವತ್ತೂ ಐದು ವರ್ಷದ ಮಗು.

ಇನ್ನು ಭೋಪಾಲ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಅನ್ನೋ ವಿಷದ ಗ್ಯಾಸ್ ಸೋರಿದ್ದು ಎಲ್ಲರಿಗೂ ಗೊತ್ತಿದೆ. ಹೂಳ್ತಿರೋ ಆ ಮಗುವಿನ ಚಿತ್ರವನ್ನ ಇಬ್ಬರು ತೆಗೆದಿದ್ದಾರೆ, ರಘು ರಾಯ್ ಕಪ್ಪು ಬಿಳುಪಿನಲ್ಲಿ, ಪಾಬ್ಲೊ ಬಾರ್ತೊಲೊಮ್ಯೂ ಕಲರಿನಲ್ಲಿ. ಪಾಬ್ಲೊ ಅವರ ಚಿತ್ರಕ್ಕೆ ಆ ವರ್ಷದ ವರ್ಲ್ಡ್ ಪ್ರೆಸ್ ಫೋಟೊ ಪ್ರಶಸ್ತಿ ಬಂತು. ಮಗು ಯಾರದು ಅಂತ ಇವತ್ತಿಗೂ ಗೊತ್ತಾಗಿಲ್ಲ. ಹಾಗಾಗಿ ನಾನು ಹೇಳೋ 'ಮತ್ತೆ ಕೇಳಿ' ಅನ್ನೋದು ಇಲ್ಲಿ ಸಾಧ್ಯವೇ ಇಲ್ಲ, ಕೇಳೋಕೆ ಯಾರೂ ಇಲ್ಲ. ಆ ಮಗುವಿನ ವಿಷಯಕ್ಕೆ ನನ್ನ ಹತ್ರ ನಿಯಮ ಇಲ್ಲ. ಆದ್ರೆ ಆ ಮುಖ ಎಲ್ಲರಿಗೂ ಸುಲಭವಾಗಿ ಸಿಗುತ್ತೆ, ಬೇಡ ಅನ್ನೋರು ಯಾರೂ ಇಲ್ಲ ಅನ್ನೋ ಕಾರಣಕ್ಕೇ ಅದನ್ನ ಪ್ರತಿ ಡಿಸೆಂಬರ್ ಹಾಕೋದು ನನಗೆ ಸರಿ ಕಾಣಲ್ಲ, ಅದೂ ಭೋಪಾಲದಲ್ಲಿ ಈಗ ಬದುಕಿರೋರ ಒಂದು ಫೋಟೊನೂ ಇಲ್ಲದೆ.

ಯಾಕಂದ್ರೆ ಭೋಪಾಲ ಅಲ್ಲಿಗೇ ನಿಂತಿಲ್ಲ. ಕಾರ್ಖಾನೆ ಅಂಗಳದಲ್ಲಿ ಬಿದ್ದಿದ್ದ 337 ಟನ್ ವಿಷತ್ಯಾಜ್ಯವನ್ನ ಅಲ್ಲಿಂದ ಅದೇ ರಾಜ್ಯದ ಪೀಥಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ, ನಲವತ್ತು ವರ್ಷ ಆದ್ಮೇಲೆ. ಸುತ್ತಲಿನ ಬಡಾವಣೆಗಳ ಅಂತರ್ಜಲಕ್ಕೆ ವಿಷ ಇಳಿದಿದೆ, ಗ್ಯಾಸ್ ಸೋರಿದ ರಾತ್ರಿ ಹುಟ್ಟೇ ಇರದ ಮಕ್ಕಳೂ ಅದರ ಪಾಲು ಪಡೀತಿದ್ದಾರೆ. ರಘು ರಾಯ್ ಅವರಿಗೆ ಇದು ಗೊತ್ತಿತ್ತು, ಅದಕ್ಕೇ ಎಷ್ಟೋ ವರ್ಷ ಆದ್ಮೇಲೆ ಗ್ರೀನ್‌ಪೀಸ್ ಸಂಸ್ಥೆಯ ಕೆಲಸಕ್ಕೆ ಮತ್ತೆ ಅಲ್ಲಿಗೆ ಹೋಗಿ, ಬದುಕುಳಿದವರನ್ನ, ಅವರ ಮನೆ, ಆಸ್ಪತ್ರೆ, ಕಾರ್ಖಾನೆಯ ಅವಶೇಷ ಎಲ್ಲವನ್ನೂ ತೆಗೆದ್ರು. ಹೀಗೆ ವಾಪಸ್ ಹೋಗೋ ಫೋಟೊಗ್ರಾಫರನ್ನ ನಾನು ಹೆಚ್ಚು ನಂಬ್ತೀನಿ. ವಿಷದ ಕಾಯಿಲೆ ಒಂದು ದಿನದ ಸುದ್ದಿ ಅಲ್ಲ, ನಿಧಾನ, ಒಂದು ಕ್ಲಿಕ್ಕಿಗೆ ಸಿಗೋದು ಅದರ ಚೂರು ಮಾತ್ರ. ರಶೀದಾ ಬೀ, ಚಂಪಾದೇವಿ ಶುಕ್ಲಾ ಅನ್ನೋ ಇಬ್ಬರು ಹೆಂಗಸರು ಗ್ಯಾಸಿನಲ್ಲಿ ಎಲ್ಲಾ ಕಳ್ಕೊಂಡು ಆಮೇಲೆ ಹೋರಾಟಕ್ಕಿಳಿದು 2004ರಲ್ಲಿ ಪರಿಸರ ಹೋರಾಟಗಾರರಿಗೆ ಕೊಡೋ ಗೋಲ್ಡ್‌ಮನ್ ಪ್ರಶಸ್ತಿ ತಗೊಂಡ್ರು, ಅವರ ಮುಖ ನಮ್ಮ ಓದುಗರಲ್ಲಿ ಎಷ್ಟು ಜನಕ್ಕೆ ಗೊತ್ತು?

ಕನ್ನಡ ಓದುಗರಿಗೆ ಇದೆಲ್ಲ ದೂರದ ಮಾತಲ್ಲ. ಕಾಸರಗೋಡಿನ ಎಣ್ಮಕಜೆ, ಪಡ್ರೆ ಕಡೆ ಕನ್ನಡ, ತುಳು ಆಡೋ ಜನ. ಅಲ್ಲಿ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟದ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ್ರು, ಗುಡ್ಡದ ಮೇಲೆ ಸುರಿದಿದ್ದು ಕೆಳಗಿನ ತೋಡಿಗೆ, ನೀರಿಗೆ ಅಂತ ಗುಡ್ಡ ಕೊರೆದ ಸುರಂಗಗಳಿಗೆ ಇಳೀತು. ವಾಣಿನಗರದ ಡಾಕ್ಟರ್ ಮೋಹನ ಕುಮಾರ್ ತಮ್ಮ ಹತ್ರ ಬರೋ ಕಾಯಿಲೆಗಳಲ್ಲಿ ಏನೋ ಸರಿಯಿಲ್ಲ ಅಂತ ಗುರುತಿಸಿದ್ರು, ಪತ್ರಕರ್ತ ಶ್ರೀಪಡ್ರೆ ಅದನ್ನ ಹೊರಗಿನವರಿಗೆ ಮುಟ್ಟಿಸಿದ್ರು, ಮಲಯಾಳಂ ಪತ್ರಿಕೆ ಮಾತೃಭೂಮಿಯ ಮಧುರಾಜ್ ತೆಗೆದ ಫೋಟೊಗಳು ಕೇರಳವನ್ನ ಎಬ್ಬಿಸಿದವು. ಈ ಕಡೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲೂ ಅದೇ ವಿಷ, ಅದೇ ಗೇರು ತೋಟ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ತಯಾರಿಕೆ, ಮಾರಾಟ ಎರಡನ್ನೂ ನಿಲ್ಲಿಸಿತು. ಆ ಚಿತ್ರಗಳು ಬರದೇ ಇದ್ದಿದ್ರೆ ಅಷ್ಟು ಬೇಗ ಆಗ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ, ಅದು ಬೇಗ ಅನ್ನೋದಾದ್ರೆ.

ಆದ್ರೆ ಇಲ್ಲೇ ಇನ್ನೊಂದು ವಿಷಯ ಇದೆ, ಇದನ್ನ ಸಂಪಾದಕರಾಗಿ ನೀವು ಯೋಚಿಸಲೇಬೇಕು. ಆ ಮನೆಗಳಲ್ಲಿ ಕ್ಯಾಮೆರಾಗೆ ಒಪ್ಪಿಗೆ ಅಂದ್ರೆ ಏನು? ಸರ್ಕಾರದ ಸಂತ್ರಸ್ತರ ಪಟ್ಟಿಗೆ ಹೆಸರು ಸೇರಬೇಕು ಅಂದ್ರೆ ಮಗುವನ್ನ ಎತ್ಕೊಂಡು ಮೆಡಿಕಲ್ ಕ್ಯಾಂಪಿಗೆ ಹೋಗ್ಬೇಕು, ಡಾಕ್ಟರುಗಳ ಮುಂದೆ ತೋರಿಸಬೇಕು, ಮುಂದಿನ ಕ್ಯಾಂಪಿಗೆ ಮತ್ತೆ ತೋರಿಸಬೇಕು. ತೋರಿಸಿದ್ರೆ ಮಾತ್ರ ಸಿಗುತ್ತೆ ಅಂತ ಗೊತ್ತಾದವರು ಮನೆಗೆ ಕ್ಯಾಮೆರಾ ಬಂದಾಗಲೂ ತೋರಿಸ್ತಾರೆ. ಇದನ್ನೂ ಒಂದು ಅರ್ಜಿ ಅಂದ್ಕೊಂಡಿರ್ತಾರೆ ಅವರು. ಮಗಳಿಗೆ ಚೂಡಿದಾರ್ ಸರಿ ಮಾಡೋಕೂ ಟೈಮ್ ಸಿಗದೆ 'ತಗೊಳ್ಳಿ ಸಾರ್' ಅನ್ನೋ ಅಮ್ಮನ ಮಾತಿನಲ್ಲಿ ಒಪ್ಪಿಗೆ ಎಷ್ಟು, ಗತಿಯಿಲ್ಲದೆ ಹೇಳಿದ್ದು ಎಷ್ಟು ಅಂತ ಹೊರಗಿನಿಂದ ಬಂದೋರಿಗೆ ಆ ಹೊತ್ತಿನಲ್ಲಿ ತಿಳಿಯೋದು ಕಷ್ಟ. ಮಾಮೂಲಿ ಫೋಟೊದಲ್ಲಿ ಒಂದು ಸಲದ ಒಪ್ಪಿಗೆ ಸಾಕಾಗಬಹುದೇನೋ, ಇಂಥಲ್ಲಿ ಸಾಲಲ್ಲ ಅಂತ ನಾನು ಒತ್ತಿ ಹೇಳ್ತಿರೋದು ಇದಕ್ಕೇ.

ಫೋಟೊ ಬಂದ್ರೆ ಪರಿಹಾರ ಬರುತ್ತೆ ಅನ್ನೋ ಆಸೆಯಾದ್ರೂ ನಿಜವಾಯ್ತಾ ಅಂದ್ರೆ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಅಂತ ಕೇರಳ ಸರ್ಕಾರಕ್ಕೆ ಹೇಳಿತ್ತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಸರ್ಕಾರವನ್ನ ತರಾಟೆಗೆ ತಗೊಂಡಾಗ, 3,704 ಜನರಲ್ಲಿ ದುಡ್ಡು ಸಿಕ್ಕಿದ್ದು 8 ಜನಕ್ಕೆ. ನ್ಯಾಯಾಲಯಕ್ಕೆ ಹೋದ ಎಂಟು ಜನ. ಅಷ್ಟು ವರ್ಷ ಆ ಮಕ್ಕಳ ಫೋಟೊ ಎಷ್ಟು ಸಲ ಅಚ್ಚಾಗಿರಬಹುದು, ನೀವೇ ಲೆಕ್ಕ ಹಾಕಿ.

ಫೋಟೊ ತೆಗೆಯೋ ರೀತಿ ಬಗ್ಗೆನೂ ಸ್ವಲ್ಪ ಹೇಳ್ಬೇಕು, ನಿಮ್ಮ ಛಾಯಾಗ್ರಾಹಕ ಮಿತ್ರರು ಬೇಜಾರು ಮಾಡ್ಕೋಬಾರದು. 24 ಎಂಎಂ ಲೆನ್ಸ್ ಹಾಕಿ ಮಗುವಿನ ತಲೆ ಹತ್ರ ಹೋಗಿ ತೆಗೆದ್ರೆ ಇರೋದಕ್ಕಿಂತ ತಲೆ ದೊಡ್ಡದಾಗಿ ಕಾಣುತ್ತೆ, ಡೊಂಕಾದ ಕೈ ಇನ್ನೂ ಡೊಂಕಾಗುತ್ತೆ, ಹಿಂದಿರೋ ಅಮ್ಮ ಚಿಕ್ಕದಾಗಿ ಮೂಲೆಗೆ ಹೋಗ್ತಾಳೆ. ಇದು ಸುಳ್ಳು ಚಿತ್ರ ಅಂತ ಯಾರೂ ಹೇಳಲ್ಲ, ಆದ್ರೆ ನಿಜಾನೂ ಅಲ್ಲ. ನಿಂತ್ಕೊಂಡು ಕೆಳಗೆ ಮಲಗಿರೋರನ್ನ ತೆಗೆಯೋದು, ನೆಲದ ಮೇಲೆ ಕೂತು ಅವರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿ ತೆಗೆಯೋದು, ಎರಡಕ್ಕೂ ಸೆಕೆಂಡಿನ ಕೆಲಸದ ವ್ಯತ್ಯಾಸ, ಆದ್ರೆ ಮೊದಲನೇದರಲ್ಲಿ ಕಾಣೋದು ಕಾಯಿಲೆ, ಎರಡನೇದರಲ್ಲಿ ಮನುಷ್ಯ. ಫಿಟ್ಸ್ ಬರೋ ಹೊತ್ತಿಗೆ ಕಾಯ್ಕೊಂಡು ಕೂರೋದನ್ನಂತೂ ಮಾಡಲೇಬಾರದು. ಆ ವ್ಯಕ್ತಿ ತನ್ನ ದಿನದ ಯಾವ ಹೊತ್ತಿನಲ್ಲಿ ಚೆನ್ನಾಗಿರ್ತಾರೆ, ಯಾವ ಬಟ್ಟೆ ಇಷ್ಟ, ಯಾರ ಪಕ್ಕ ಕೂರ್ತಾರೆ ಅಂತ ಕೇಳಿ ತೆಗೆದ್ರೆ ಅದು ಪೋರ್ಟ್ರೇಟ್, ಇಲ್ಲದಿದ್ರೆ ಆಸ್ಪತ್ರೆ ಕೇಸ್ ಶೀಟಿಗೆ ಅಂಟಿಸೋ ಚಿತ್ರ.

ಕ್ಯಾಪ್ಷನ್ ಇನ್ನೂ ಮುಖ್ಯ. ನಮ್ಮಲ್ಲಿ ಬರೆಯೋದು 'ಸಂತ್ರಸ್ತ ಬಾಲಕ' ಅಂತ, ಯಾವ ಕಾರ್ಖಾನೆ, ಯಾವ ರಾಸಾಯನಿಕ, ಎಷ್ಟು ಅಂತ ಇರೋದೇ ಇಲ್ಲ. ಮುಖ ನೋಡಿದ್ರೆ ಕಾರಣ ಗೊತ್ತಾಗಲ್ಲ ಸಂಪಾದಕರೇ, ಅದನ್ನೇ ಕಂಪನಿ ವಕೀಲರು ಹಿಡ್ಕೊಳ್ಳೋದು, ಅಪೌಷ್ಟಿಕತೆ ಅಂತಾರೆ, ಸಂಬಂಧದಲ್ಲಿ ಮದುವೆ ಅಂತಾರೆ, ಇನ್ನೇನೋ ಅಂತಾರೆ. ಮಿನಮಾಟಾದಲ್ಲಿ ಯುದ್ಧಕಾಲದ ಸ್ಫೋಟಕ ಕಡಲಿಗೆ ಹಾಕಿದ್ದರಿಂದ ಕಾಯಿಲೆ ಬಂತು ಅಂತ ಕೂಡ ಹೇಳಿದ್ರು. ಅದಕ್ಕೆ ಉತ್ತರ ಕೊಟ್ಟಿದ್ದು ಲ್ಯಾಬಿನ ಅಂಕಿ, ರೋಗಿಯೊಬ್ಬರ ಕೂದಲಿನಲ್ಲಿ 705 ಪಿಪಿಎಂವರೆಗೆ (ಅಂದ್ರೆ ಹತ್ತು ಲಕ್ಷ ಪಾಲಿನಲ್ಲಿ 705 ಪಾಲು) ಪಾದರಸ ಸಿಕ್ಕಿತ್ತು, ಆ ಪ್ರದೇಶದ ಹೊರಗಿನವರಲ್ಲಿ ಸರಾಸರಿ 4. ಈ ಎರಡು ಅಂಕಿ ಒಂದು ಮುಖದ ಕೆಳಗೆ ಬರೆದು ನೋಡಿ, ಓದೋರು ಕನಿಕರ ಪಟ್ಟು ಪುಟ ತಿರುಗಿಸಲ್ಲ, ಯಾರು ಮಾಡಿದ್ದು ಅಂತ ಕೇಳ್ತಾರೆ. ಬರೀ ಕನಿಕರ ಹುಟ್ಟಿಸೋ ಫೋಟೊದಿಂದ ಕಂಪನಿಗೆ ಏನೂ ತೊಂದರೆ ಇಲ್ಲ. ಆ ಮನೆಗೆ ಒಂದು ಗಾಲಿಕುರ್ಚಿ ದಾನ ಮಾಡಿ ಕಂಪನಿಯವರೂ ಅದೇ ಮಗುವಿನ ಪಕ್ಕ ನಿಂತು ಫೋಟೊ ತೆಗೆಸ್ಕೋಬಹುದು.

ಬೇರೆ ಥರ ಮಾಡಿದವರೂ ಇದ್ದಾರೆ. ಅಮೆರಿಕದ ಲಟೋಯಾ ರೂಬಿ ಫ್ರೇಜಿಯರ್ ಹುಟ್ಟಿದ್ದೇ ಬ್ರಾಡಕ್ ಅನ್ನೋ ಉಕ್ಕಿನ ಕಾರ್ಖಾನೆ ಪಟ್ಟಣದಲ್ಲಿ, ಆ ಕಾರ್ಖಾನೆ 1875ರಿಂದ ನಡೀತಿದೆ. ಹದಿಹರೆಯದಿಂದಲೇ ತನ್ನ ಅಜ್ಜಿ, ಅಮ್ಮ, ತನ್ನನ್ನ ತಾನೇ ತೆಗೀತಾ ಬಂದ್ರು, ಮೂವರಿಗೂ ಒಂದೊಂದು ಕಾಯಿಲೆ. ಕೆಲವು ಚಿತ್ರಗಳಲ್ಲಿ ಕ್ಯಾಮೆರಾ ಅಮ್ಮನ ಕೈಯಲ್ಲಿದೆ, ಮಗಳು ಎದುರಿಗಿದ್ದಾಳೆ. ಹೀಗೆ ಮಾಡಿದಾಗ ಯಾರು ಯಾರನ್ನ ನೋಡ್ತಿದ್ದಾರೆ ಅನ್ನೋದೇ ಬದಲಾಗುತ್ತೆ. ಆಮೇಲೆ ಅವರು 2016ರಲ್ಲಿ ಫ್ಲಿಂಟ್ ನಗರಕ್ಕೆ ಹೋದ್ರು, ದುಡ್ಡು ಉಳಿಸೋಕೆ ಅಂತ 2014ರಲ್ಲಿ ನದಿ ನೀರಿಗೆ ಬದಲಾಯಿಸಿ, ಅದಕ್ಕೆ ಹಾಕಬೇಕಾದ ರಾಸಾಯನಿಕ ಹಾಕದೆ, ಹಳೇ ಪೈಪುಗಳ ಸೀಸ ಮನೆ ಮನೆ ನಲ್ಲಿಗೆ ಬಂದ ಜಾಗ ಅದು. ಪತ್ರಿಕೆಗೆ ಫೋಟೊ ಕೊಟ್ಟು ವಾಪಸ್ ಬರಲಿಲ್ಲ, ವರ್ಷಗಟ್ಟಲೆ ಅದೇ ಕುಟುಂಬದ ಜೊತೆಗಿದ್ರು, ಪ್ರದರ್ಶನದಿಂದ ಬಂದ ದುಡ್ಡನ್ನೂ ಹಾಕಿ 2019ರಲ್ಲಿ ಗಾಳಿಯಿಂದ ಕುಡಿಯೋ ನೀರು ತೆಗೆಯೋ ಒಂದು ದೊಡ್ಡ ಯಂತ್ರ ಅಲ್ಲಿಗೆ ತರೋದಕ್ಕೆ ನೆರವಾದ್ರು. ನಮ್ಮ ದೇಶದಲ್ಲೂ, ಜಾರ್ಖಂಡಿನ ಜಾದೂಗೋಡಾ ಯುರೇನಿಯಂ ಗಣಿ ಪಕ್ಕದವರೇ ಆದ ಹೋ ಆದಿವಾಸಿ ಸಮುದಾಯದ ಆಶಿಷ್ ಬಿರುಲಿ ತಮ್ಮ ಜನರ ಚಿತ್ರ ತಾವೇ ತೆಗೀತಾರೆ. ಹೊರಗಿನವರು ತೆಗೆದು ಹೋದ ಮೇಲೆ ಆ ಫೋಟೊ ಏನಾಯ್ತು ಅಂತ ಅಲ್ಲಿನವರಿಗೆ ತಿಳಿಯಲ್ಲ, ಇವರು ತೆಗೆದ್ರೆ ನೇರ ಹೋಗಿ ಕೇಳಬಹುದು. ಅಂಥವರಿಗೆ ನಮ್ಮ ಪತ್ರಿಕೆಗಳು ಪುಟ ಕೊಡಲಿ, ಸಂಭಾವನೆನೂ ಕೊಡಲಿ.

ಕಾನೂನು ಏನನ್ನುತ್ತೆ ಅಂತ ನೀವು ಕೇಳಬಹುದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಫೋಟೊ ತೆಗೆದವರದು ಅಥವಾ ಅವರನ್ನ ಕೆಲಸಕ್ಕಿಟ್ಕೊಂಡ ಪತ್ರಿಕೆಯದು, ಮುಖ ಯಾರದೋ ಅವರಿಗೆ ಆ ಕಾಯ್ದೆಯಲ್ಲಿ ಪಾಲಿಲ್ಲ. ಹಾಗಾಗಿ ಕೇಳದೆ ಹಾಕಿದ್ರೂ ಆ ಕಾಯ್ದೆ ಹಿಡಿದು ಅವರು ನಿಮ್ಮನ್ನ ಕೋರ್ಟಿಗೆ ಎಳೆಯೋಕೆ ಆಗಲ್ಲ. ಐಲೀನ್ ಸ್ಮಿತ್ ಅವರನ್ನೂ ಯಾವ ಕಾಪಿರೈಟ್ ಕಾಯ್ದೆಯೂ ಒತ್ತಾಯ ಮಾಡಿರಲಿಲ್ಲ.

ಡೆಡ್‌ಲೈನ್ ಇರುತ್ತೆ, ರಾತ್ರಿ ಹತ್ತು ಗಂಟೆಗೆ ಯಾರನ್ನ ಹುಡುಕಿ ಕೇಳೋದು ಅನ್ನೋ ಕಷ್ಟ ನನಗೆ ಅರ್ಥ ಆಗುತ್ತೆ. ಅದಕ್ಕೆ ಫೋಟೊ ತೆಗೆದ ದಿನವೇ ಮನೆಯವರ ಫೋನ್ ನಂಬರು, ಒಪ್ಪಿಗೆ ಯಾವುದಕ್ಕೆ ಯಾವಾಗ ಕೊಟ್ಟಿದ್ದು ಅನ್ನೋದನ್ನ ಫೋಟೊದ ಫೈಲಿನ ಜೊತೆಗೇ ಬರೆದಿಟ್ಟರೆ ಮುಂದಿನ ಸಲ ಒಂದು ಕರೆ ಸಾಕು. ಕರೆ ಹೋಗಲಿಲ್ಲ ಅಂದ್ರೆ ಆ ದಿನಕ್ಕೆ ಮುಖ ಬೇಡ, ಕಾರ್ಖಾನೆ ಗೇಟಿನ ಫೋಟೊ ಹಾಕಿ, ಮುಚ್ಚಿದ ಬಾವಿ ಹಾಕಿ, ಗೇರು ಗುಡ್ಡ ಹಾಕಿ. ಪುಟ ಸ್ವಲ್ಪ ಸಪ್ಪೆಯಾಗಬಹುದು, ಆಗಲಿ.

ಕೊನೆಗೆ ನನಗೆ ಉತ್ತರ ಬೇಕಾಗಿರೋ ಪ್ರಶ್ನೆ. ಒಂದು ಮನೆಯವರಿಗೆ ತಮ್ಮ ಮಗುವಿನ ಹಳೇ ಫೋಟೊ ಇನ್ಮೇಲೆ ನಿಮ್ಮ ಪತ್ರಿಕೆಯಲ್ಲಿ, ನಿಮ್ಮ ವೆಬ್‌ಸೈಟಿನಲ್ಲಿ ಬರೋದು ಬೇಡ ಅನ್ನಿಸಿದ್ರೆ ಅವರು ಯಾರಿಗೆ ಫೋನ್ ಮಾಡ್ಬೇಕು? ಜಾಹೀರಾತಿಗೆ ನಂಬರಿದೆ, ಪತ್ರಿಕೆ ಮನೆಗೆ ಬರದಿದ್ರೆ ದೂರು ಕೊಡೋಕೆ ನಂಬರಿದೆ. ಇದಕ್ಕೂ ಒಂದು ನಂಬರು, ಅದನ್ನ ಎತ್ತಿ ಮಾತಾಡೋ ಒಬ್ಬ ವ್ಯಕ್ತಿ ಇದ್ರೆ ದಯವಿಟ್ಟು ಈ ಪತ್ರದ ಕೆಳಗೇ ಪ್ರಕಟಿಸಿ. ಇಲ್ಲ ಅಂದ್ರೆ ಯಾವಾಗ ಮಾಡ್ತೀರಿ ಅಂತ ತಿಳಿಸಿ.

ಇಂತಿ,
ನಿಮ್ಮ ಪತ್ರಿಕೆಯ ಬಹುಕಾಲದ ಓದುಗ